ಸ್ಖೇವೆನಿಂಗೆನ್‌ನಲ್ಲಿ ಒಂದು ರಜೆ ದಿನ, ಕಾಲ್ನಡಿಗೆಯಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ನೆದರ್‌ಲ್ಯಾಂಡ್ಸ್‌ಗೆ ಕೆಲಸಕ್ಕೋ ಓದೋದಕ್ಕೋ ಬಂದ ಕನ್ನಡದ ಗೆಳೆಯರು, ಅವರನ್ನು ನೋಡಲು ಬೇಸಿಗೆಯಲ್ಲಿ ಬರುವ ಅಪ್ಪ-ಅಮ್ಮಂದಿರು, ಎರಡು ದಿನಕ್ಕೆ ಆಫೀಸ್ ಕೆಲಸದ ಮೇಲೆ ಬಂದು ಒಂದು ದಿನ ಬಿಡುವು ಸಿಕ್ಕವರು, ಎಲ್ಲರೂ ಹೇಗ್ ನಗರದ ಕಡಲ ಬಡಾವಣೆಯ ಬಗ್ಗೆ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಅವರು ಕೇಳಿದ ಹಾಗೇ ಇಲ್ಲಿ ಇಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಖೇವೆನಿಂಗೆನ್ ಮೀನುಗಾರರ ಹಳ್ಳಿ. ಬೀಚು, ಹೋಟೆಲು ಎಲ್ಲ ಆಮೇಲೆ ಬಂದವು. ನಡೆಯುವುದೂ ಅದೇ ಕ್ರಮದಲ್ಲಿ ಆದರೆ ಊರು ಅರ್ಥವಾಗುತ್ತದೆ.

## ಹೊರಡುವ ಮೊದಲು

ಸ್ಖೇವೆನಿಂಗೆನ್ ಅಂದ್ರೆ ಬೇರೆ ಊರಾ, ಹೇಗ್‌ನಲ್ಲೇ ಇದೆಯಾ?

ಹೇಗ್‌ನಲ್ಲೇ ಇದೆ. ನಗರದ ಮಧ್ಯದಿಂದ ಸುಮಾರು 5 ಕಿಲೋಮೀಟರ್. ಆದರೆ ಅಲ್ಲಿನ ಹಳೆಯ ಮನೆತನದವರು ತಮ್ಮನ್ನು ಹೇಗ್‌ನವರು ಅಂತ ಕರೆದುಕೊಳ್ಳುವುದು ಕಡಿಮೆ. ಇದರೊಳಗೆ ಮೂರು ಭಾಗಗಳಿವೆ. ಕೈಜರ್‌ಸ್ಟ್ರಾಟ್ ರಸ್ತೆಯ ಸುತ್ತ ಇರುವುದು ಹಳೆಯ ಹಳ್ಳಿ. ಅದರ ನೈಋತ್ಯಕ್ಕೆ ಬಂದರು. ಈಶಾನ್ಯಕ್ಕೆ ಕುರ್‌ಹೌಸ್ ಎಂಬ ಹಳೆಯ ದೊಡ್ಡ ಹೋಟೆಲ್ ಮತ್ತು ಕಡಲೊಳಕ್ಕೆ ಚಾಚಿದ ನಡೆದಾಡುವ ಕಟ್ಟೆ, ಅಂದರೆ ಪಿಯರ್, ಇರುವ ವಿಹಾರದ ಭಾಗ. ಹೊರಗಿನಿಂದ ಬಂದವರು ಸಾಮಾನ್ಯವಾಗಿ ಮೂರನೆಯದನ್ನು ಮಾತ್ರ ನೋಡಿಕೊಂಡು ವಾಪಸ್ ಹೋಗುತ್ತಾರೆ.

ಹೇಗೆ ಹೋಗೋದು? ಕಾರ್ ತಗೊಂಡು ಹೋದ್ರೆ ಆಗಲ್ವಾ?

ಕಾರ್ ಬೇಡ. ಪಾರ್ಕಿಂಗ್ ದುಬಾರಿ. ಬಿಸಿಲು ಬಂದ ದಿನ ಕಡಲ ಕಡೆ ಹೋಗುವ ರಸ್ತೆಗಳು ಬೆಳಿಗ್ಗೆಯೇ ತುಂಬಿಹೋಗುತ್ತವೆ. ರೈಲಿನಲ್ಲಿ ಹೇಗ್‌ಗೆ ಬನ್ನಿ, ಅಲ್ಲಿಂದ ಟ್ರಾಮ್ ಹಿಡಿಯಿರಿ. ಡೆಲ್ಫ್ಟ್‌ನಿಂದ ಬರುವ 1ನೇ ನಂಬರ್ ಟ್ರಾಮ್ ಹೇಗ್ ನಗರದ ಮಧ್ಯೆ ಹಾದು, ಶಾಂತಿ ಅರಮನೆಯ ಮುಂದಿನಿಂದ ಹಳ್ಳಿಗೆ, ಅಲ್ಲಿಂದ ಕುರ್‌ಹೌಸ್‌ಗೆ ಹೋಗುತ್ತದೆ. ಸೆಂಟ್ರಲ್ ಸ್ಟೇಷನ್‌ನಿಂದ ಕುರ್‌ಹೌಸ್ ಕಡೆಗೆ 9, ಹಾಲೆಂಡ್ಸ್ ಸ್ಪೋರ್ ಸ್ಟೇಷನ್‌ನಿಂದ ಬಂದರಿಗೆ 11. ಹಳಿ ರಿಪೇರಿ ಇದ್ದಾಗ ಮಾರ್ಗ ಬದಲಾಗುತ್ತದೆ, ಆದ್ದರಿಂದ ಆ ದಿನ ಬೆಳಿಗ್ಗೆ ಫೋನಿನಲ್ಲಿ ಒಮ್ಮೆ ನೋಡಿಕೊಳ್ಳಿ. ಬೇರೆ ಕಾರ್ಡ್ ಕೊಳ್ಳುವ ಅಗತ್ಯವಿಲ್ಲ. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ತಾಗಿಸಬೇಕು. ಇಳಿಯುವಾಗ ಮರೆತರೆ ಜಾಸ್ತಿ ದುಡ್ಡು ಕಡಿತವಾಗುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲು ಬರುವುದಿಲ್ಲ.

ಎಷ್ಟು ನಡೀಬೇಕು? ಅಪ್ಪ-ಅಮ್ಮನ ಕೈಲಿ ಆಗುತ್ತಾ?

ಪೂರ್ತಿ ದಾರಿ 8ರಿಂದ 10 ಕಿಲೋಮೀಟರ್ ಆಗುತ್ತದೆ. ಊಟ, ಕಾಫಿ, ಸುಮ್ನೆ ಕೂರುವುದು ಎಲ್ಲ ಸೇರಿ ಒಂದು ದಿನ ಸಾಕು. ಹೆಚ್ಚುಕಡಿಮೆ ಎಲ್ಲ ಸಮತಟ್ಟು ನೆಲ. ಕಡಲ ದಂಡೆಯ ರಸ್ತೆಯಲ್ಲಿ ಬೆಂಚುಗಳು ಧಾರಾಳವಾಗಿವೆ. ಮಂಡಿ ನೋವಿದ್ದವರು ಮೊದಲ ಅರ್ಧವನ್ನು ಟ್ರಾಮ್‌ನಲ್ಲಿ ಹೋಗಿ, ಕೈಜರ್‌ಸ್ಟ್ರಾಟ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಪಿಯರ್‌ವರೆಗೆ ಮಾತ್ರ ನಡೆದರೆ ಸುಮಾರು 2 ಕಿಲೋಮೀಟರ್ ಅಷ್ಟೇ. ವೀಲ್‌ಚೇರ್, ಮಗುವಿನ ತಳ್ಳುಗಾಡಿ ದಂಡೆಯ ರಸ್ತೆಯಲ್ಲಿ ಆರಾಮಾಗಿ ಹೋಗುತ್ತವೆ. ಮರಳಿಗೆ ಇಳಿದರೆ ಚಕ್ರ ಹೂತುಹೋಗುತ್ತದೆ.

ನಿಜವಾಗ್ಲೂ ದುಡ್ಡು ಖರ್ಚಿಲ್ಲದೆ ಒಂದು ದಿನ ಕಳೀಬಹುದಾ?

ಟ್ರಾಮ್ ಚಾರ್ಜ್ ಬಿಟ್ಟರೆ ಹೌದು. ಕಡಲ ತೀರಕ್ಕೆ ಟಿಕೆಟ್ ಇಲ್ಲ. ಪಿಯರ್ ಮೇಲೆ ನಡೆಯಲು ಟಿಕೆಟ್ ಇಲ್ಲ. ದಂಡೆಯ ಮೇಲೆ ‘ಬೀಲ್ಡನ್ ಆನ್ ಜೇ’ ಶಿಲ್ಪ ಮ್ಯೂಸಿಯಂ ಇದೆ. ಅದರ ಒಳಗೆ ಹೋಗಲು ದುಡ್ಡು ಕೊಡಬೇಕು. ಆದರೆ ಹೊರಗಿನ ಕಟ್ಟೆಯ ಮೇಲೆ ಅಮೆರಿಕದ ಶಿಲ್ಪಿ ಟಾಮ್ ಆಟರ್ನೆಸ್ ಮಾಡಿದ ಕಥಾಲೋಕದ ಮೂರ್ತಿಗಳಿವೆ. 2004ರಿಂದ ಅಲ್ಲೇ ಬಯಲಲ್ಲಿ ನಿಂತಿವೆ. ಹಗಲೂ ರಾತ್ರಿ ಯಾರು ಬೇಕಾದರೂ ನೋಡಬಹುದು, ಮಕ್ಕಳು ಹತ್ತಿ ಆಡಬಹುದು. ಹೆರಿಂಗ್ ಮೀನನ್ನು ಬಾಯಿಗೆ ಇಳಿಸಿಕೊಳ್ಳುತ್ತಿರುವ ದೈತ್ಯನನ್ನು ದೂರದಿಂದಲೇ ಗುರುತಿಸುತ್ತೀರಿ. ಕುರ್‌ಹೌಸ್‌ನಿಂದ ಒಂದಷ್ಟು ಒಳಗೆ ವೆಸ್ಟ್‌ಬ್ರೂಕ್‌ಪಾರ್ಕ್ ಇದೆ, ಅದೂ ಉಚಿತ. ಅಲ್ಲಿನ ಗುಲಾಬಿ ತೋಟದಲ್ಲಿ ಸುಮಾರು 20,000 ಗಿಡಗಳಿವೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೂವು ಜೋರು.

ಮನೆಯಿಂದ ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಹೋಗಿ ಮರಳಿನ ಮೇಲೆ ಕೂತು ತಿಂದರೆ ಯಾರೂ ಏನೂ ಅನ್ನುವುದಿಲ್ಲ. ಡಚ್ಚರೂ ಬ್ರೆಡ್ ಡಬ್ಬಿ ತಂದುಕೊಂಡೇ ಬರುತ್ತಾರೆ.

ಯಾವ ತಿಂಗಳು ಒಳ್ಳೇದು? ಚಳಿಗಾಲದಲ್ಲಿ ಹೋದ್ರೆ ವೇಸ್ಟಾ?

ಮೇ ಮತ್ತು ಸೆಪ್ಟೆಂಬರ್ ನನ್ನ ಆಯ್ಕೆ. ಜನ ಕಡಿಮೆ, ಬೆಳಕು ಜಾಸ್ತಿ. ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ 10 ಗಂಟೆ. ಈ ತೀರ ವಾಯವ್ಯಕ್ಕೆ ಮುಖ ಮಾಡಿರುವುದರಿಂದ ಸೂರ್ಯ ನೇರವಾಗಿ ನೀರಿಗೇ ಇಳಿಯುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು.

ಚಳಿಗಾಲ ವೇಸ್ಟ್ ಅಲ್ಲ. ಬೇಸಿಗೆಯಲ್ಲಿ ಮರಳಿನ ಮೇಲೆ ಸಾಲಾಗಿ ನಿಲ್ಲುವ ಮರದ ಹೋಟೆಲುಗಳಲ್ಲಿ ಹೆಚ್ಚಿನವನ್ನು ಅಕ್ಟೋಬರ್ ಹೊತ್ತಿಗೆ ಬಿಚ್ಚಿ ಎತ್ತಿಟ್ಟು, ವಸಂತದಲ್ಲಿ ಮತ್ತೆ ಕಟ್ಟುತ್ತಾರೆ. ನಡುವಿನ ತಿಂಗಳುಗಳಲ್ಲಿ ತೀರ ಪೂರ್ತಿ ಖಾಲಿ, ನೋಡಿದಷ್ಟು ದೂರ ಮರಳು. ಜನವರಿ 1ರಂದು ಮಾತ್ರ ಸಾವಿರಾರು ಮಂದಿ ಒಟ್ಟಿಗೆ ಆ ತಣ್ಣೀರಿಗೆ ಓಡಿ ಮುಳುಗೆದ್ದು ಬರುತ್ತಾರೆ. ನೋಡಲೇಬೇಕಾದ ದಿನ ಅದು.

ಬಟ್ಟೆ ಏನು ಹಾಕ್ಕೊಳ್ಲಿ? ಆಪ್‌ನಲ್ಲಿ 20 ಡಿಗ್ರಿ ತೋರಿಸ್ತಿದೆ.

ಡಿಗ್ರಿ ನೋಡಬೇಡಿ, ಗಾಳಿ ನೋಡಿ. ನಗರದಲ್ಲಿ ಅಂಗಿ ಸಾಕು ಅನ್ನಿಸಿದ ದಿನವೂ ದಂಡೆಯಲ್ಲಿ ಜಾಕೆಟ್ ಬೇಕಾಗುತ್ತದೆ. ಕಿವಿ ಮುಚ್ಚುವ ಟೋಪಿ ಇದ್ದರೆ ವಯಸ್ಸಾದವರಿಗೆ ಒಳ್ಳೆಯದು. ಛತ್ರಿ ತರಬೇಡಿ, ಮೊದಲ ಹತ್ತು ನಿಮಿಷದಲ್ಲೇ ಮಗುಚಿಕೊಳ್ಳುತ್ತದೆ. ಟೋಪಿ ಇರುವ ಮಳೆಕೋಟು ತನ್ನಿ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಅಂದರೆ ಬಂದರಿನ ಕಡೆಯಿಂದ ಪಿಯರ್ ಕಡೆಗೆ. ದಂಡೆಯಲ್ಲಿ ಇದೇ ದಿಕ್ಕಿಗೆ ನಡೆದರೆ ಗಾಳಿ ಬೆನ್ನಿಗೆ ಇರುತ್ತದೆ. ಎದುರು ದಿಕ್ಕಿಗೆ ನಡೆದರೆ ಕಣ್ಣಿಗೆ ಮರಳು.

## ನಡೆಯುವ ದಾರಿ

ಎಲ್ಲಿಂದ ಶುರು ಮಾಡ್ಲಿ? ಎಲ್ಲರೂ ಪಿಯರ್‌ನಿಂದ ಅಂತಾರೆ.

ಪಿಯರ್ ಕೊನೆಗೆ ಇಟ್ಟುಕೊಳ್ಳಿ. ಶಾಂತಿ ಅರಮನೆಯ ಮುಂದೆ ಟ್ರಾಮ್ ಇಳಿದು ಅಲ್ಲಿಂದ ಕಡಲ ಕಡೆ ನಡೆಯಿರಿ. ಹಳ್ಳಿ ಸಿಗುತ್ತದೆ. ಹಳ್ಳಿ ದಾಟಿ ಕಡಲು ಕಂಡ ಮೇಲೆ ಎಡಕ್ಕೆ ತಿರುಗಿ ದೀಪಸ್ತಂಭ ಮತ್ತು ಬಂದರು ನೋಡಿ. ಅಲ್ಲಿಂದ ವಾಪಸ್ ದಂಡೆಯುದ್ದಕ್ಕೂ ಕುರ್‌ಹೌಸ್ ಮತ್ತು ಪಿಯರ್. ಟ್ರಾಮ್ ಅಲ್ಲೇ ಸಿಗುತ್ತದೆ.

ಶಾಂತಿ ಅರಮನೆ 1913ರಲ್ಲಿ ಆ್ಯಂಡ್ರೂ ಕಾರ್ನೆಗಿ ಕೊಟ್ಟ ಹಣದಿಂದ ಎದ್ದ ಕಟ್ಟಡ. ಅಂತರರಾಷ್ಟ್ರೀಯ ನ್ಯಾಯಾಲಯ ಇರುವುದು ಇಲ್ಲೇ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ, ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು 1952ರಲ್ಲಿ ಈ ನ್ಯಾಯಾಲಯದ ನ್ಯಾಯಾಧೀಶರಾದರು. 1953ರಲ್ಲಿ ತೀರಿಕೊಳ್ಳುವ ತನಕ ಆ ಹುದ್ದೆಯಲ್ಲಿದ್ದರು. ಗೇಟಿನ ಮುಂದೆ ನಿಂತಾಗ ಜೊತೆಗಿದ್ದವರಿಗೆ ಇದನ್ನು ಹೇಳದೆ ನಾನು ಮುಂದೆ ಹೋಗುವುದಿಲ್ಲ.

ಶಾಂತಿ ಅರಮನೆಯಿಂದ ಹಳ್ಳಿಗೆ ಹೋಗುವ ಆ ಉದ್ದನೆಯ ಮರಗಳ ಸಾಲಿನ ರಸ್ತೆಯಲ್ಲಿ ಏನಿದೆ? ಟ್ರಾಮ್‌ನಲ್ಲೇ ಹೋಗ್ಬಾರದಾ?

ಹೋಗಬಹುದು, ಆದರೆ ಆ ರಸ್ತೆಯೇ ನೋಡುವಂಥದ್ದು. ಸ್ಖೇವೆನಿಂಗ್ಸೆವೆಖ್ ಅಂತ ಹೆಸರು. ಮೊದಲು ಇಲ್ಲಿ ಮರಳು ದಿಬ್ಬಗಳು ಮಾತ್ರ ಇದ್ದವು. ಮೀನು ಬುಟ್ಟಿ ಹೊತ್ತ ಹೆಂಗಸರು ಆ ಮರಳಿನಲ್ಲೇ ಕಾಲು ಹೂತುಕೊಂಡು ಹೇಗ್ ಸಂತೆಗೆ ಹೋಗುತ್ತಿದ್ದರು. ಕವಿ, ರಾಜತಾಂತ್ರಿಕ ಕಾನ್‌ಸ್ಟಾಂಟೈನ್ ಹೈಗೆನ್ಸ್ 1653ರಲ್ಲಿ ನೇರ ರಸ್ತೆಯ ಯೋಜನೆ ಮುಂದಿಟ್ಟರು. 1665ರಲ್ಲಿ ಇಟ್ಟಿಗೆ ಹಾಸಿದ ರಸ್ತೆ ತೆರೆಯಿತು. ಖರ್ಚು ತೀರಿಸಲು ಸುಂಕ ಹಾಕಿದ್ದರು. ಶನಿಗ್ರಹದ ಚಂದ್ರ ಟೈಟನ್ ಕಂಡುಹಿಡಿದ ಕ್ರಿಸ್ಟಿಯಾನ್ ಹೈಗೆನ್ಸ್ ಈ ಕವಿಯ ಮಗ.

ಬಲಗಡೆ ಇರುವ ಕಾಡು ಸ್ಖೇವೆನಿಂಗ್ಸೆ ಬೋಸ್ಯೆಸ್. ಅದರೊಳಗೆ ಒಂದು ಕೊಳ, ಕೊಳದ ಹತ್ತಿರ 1988ರಲ್ಲಿ ಇಟ್ಟ ಸ್ಮಾರಕ. ಎರಡನೇ ಮಹಾಯುದ್ಧದಲ್ಲಿ ಇಂಡೊನೇಷ್ಯಾ ಜಪಾನಿನ ಹಿಡಿತದಲ್ಲಿದ್ದಾಗ ಸತ್ತವರಿಗಾಗಿ. ಪ್ರತಿ ಆಗಸ್ಟ್ 15ರಂದು ಇಲ್ಲಿ ಹೂ ಇಡುತ್ತಾರೆ.

ಒಂದು ಎಚ್ಚರಿಕೆ: ಕೆಂಪು ಡಾಂಬರಿನ ಪಟ್ಟಿ ಸೈಕಲ್‌ಗೆ. ಅದರ ಮೇಲೆ ನಿಂತು ಫೋಟೋ ತೆಗೆಯಬೇಡಿ. ಸೈಕಲ್‌ಗಳು ವೇಗವಾಗಿ ಬರುತ್ತವೆ, ಸದ್ದೇ ಇರುವುದಿಲ್ಲ.

ಕೈಜರ್‌ಸ್ಟ್ರಾಟ್‌ನಲ್ಲಿ ಏನು ನೋಡೋದು? ಬರೀ ಅಂಗಡಿಗಳಲ್ವಾ?

ಅಂಗಡಿಗಳೇ. ಬೇಕರಿ, ಮೀನಂಗಡಿ, ಔಷಧಿ ಅಂಗಡಿ, ಊರಿನವರು ದಿನಾ ಬರುವಂಥವು. ಅದಕ್ಕೇ ಆ ರಸ್ತೆ ನನಗೆ ಇಷ್ಟ. ಅವಸರ ಮಾಡದೆ ಅಕ್ಕಪಕ್ಕದ ಗಲ್ಲಿಗಳಿಗೂ ಇಳಿಯಿರಿ. ಕೆಲವು ಕಡೆ ಇಕ್ಕಟ್ಟಾದ ಬಾಗಿಲು ದಾಟಿದರೆ ಒಂದು ಚಿಕ್ಕ ಅಂಗಳ, ಸುತ್ತ ಮೀನುಗಾರರ ಪುಟ್ಟ ಪುಟ್ಟ ಮನೆಗಳು.

ರಸ್ತೆಯ ಕಡಲ ತುದಿಗೆ ಹತ್ತಿರ ಹಳೆ ಚರ್ಚ್ ಇದೆ. 15ನೇ ಶತಮಾನದ್ದು. ಅದು ಯಾಕೆ ಊರಿನ ಅಂಚಿನಲ್ಲಿದೆ ಅಂತ ನಿಂತು ಯೋಚಿಸಿ. ಕಟ್ಟಿದಾಗ ಅದು ಅಂಚಿನಲ್ಲಿರಲಿಲ್ಲ, ಊರ ನಡುವೆ ಇತ್ತು. 1570ರ ನವೆಂಬರ್ 1ರಂದು ಎದ್ದ ದೊಡ್ಡ ಬಿರುಗಾಳಿಯಲ್ಲಿ ಕಡಲು ಊರಿನ ದೊಡ್ಡ ಭಾಗವನ್ನು ನುಂಗಿತು. ಚರ್ಚ್‌ನ ಆಚೆಗಿದ್ದ ಮನೆಗಳೆಲ್ಲ ಹೋದವು. ಇವತ್ತು ನೀವು ಮರಳು, ನೀರು ನೋಡುವ ಜಾಗದಲ್ಲಿ ಒಂದು ಕಾಲಕ್ಕೆ ಬೀದಿಗಳಿದ್ದವು.

ಚರ್ಚ್ ದಾಟಿ ದಾರಿ ಮೇಲೇರುತ್ತದೆ. ಮೇಲೆ ಹತ್ತಿದ ತಕ್ಷಣ ಕಡಲು. ಅಲ್ಲೇ ಹತ್ತಿರ ಹೆಂಗಸಿನ ಕಂಚಿನ ಮೂರ್ತಿ ಇದೆ. 1982ರಲ್ಲಿ ಇಟ್ಟದ್ದು. ಹಳ್ಳಿಯ ಹಳೆಯ ಉಡುಪು, ತಲೆಗೆ ಟೋಪಿ, ನೋಟ ನೀರಿನ ಕಡೆಗೆ. ಮೀನಿಗೆ ಹೋದ ಗಂಡ ವಾಪಸ್ ಬರುವುದನ್ನು ಕಾಯುತ್ತಿರುವವಳು. ಎದುರಿಗೆ, ಹೋಗಿ ಬಾರದವರ ಹೆಸರುಗಳನ್ನು ಕೊರೆದ ಫಲಕಗಳಿವೆ. ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬರುವುದನ್ನು ಗಮನಿಸಿ. ಅಪ್ಪ, ಮಗ, ಅಣ್ಣ-ತಮ್ಮ ಒಂದೇ ದೋಣಿಯಲ್ಲಿ ಹೋಗುತ್ತಿದ್ದ ಊರು ಇದು. ಅಲ್ಲಿ ನಿಂತು ಕೆಲವರು ನಗುತ್ತಾ ಸೆಲ್ಫಿ ತೆಗೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಮನೆತನಗಳವರು ಇವತ್ತೂ ಹಿಂದಿನ ಬೀದಿಗಳಲ್ಲೇ ಇದ್ದಾರೆ.

ಬಂದರಿಗೆ ಹೋಗಲೇಬೇಕಾ? ಮೀನು ವಾಸನೆ ಅಂತಾರೆ.

ವಾಸನೆ ಇದೆ. ಬೆಳಿಗ್ಗೆ ಜಾಸ್ತಿ. ಆದರೂ ಹೋಗಿ. ಬಂದರು ನೋಡದೆ ಈ ಊರಿನ ಕಥೆ ಅರ್ಧವೇ.

ಕೇಳಿದರೆ ಆಶ್ಚರ್ಯ ಆಗುತ್ತದೆ, ನೂರಾರು ವರ್ಷ ಮೀನು ಹಿಡಿದ ಈ ಊರಿಗೆ 1904ರವರೆಗೆ ಬಂದರೇ ಇರಲಿಲ್ಲ. ದೋಣಿಗಳನ್ನು ನೇರವಾಗಿ ಮರಳಿನ ಮೇಲೇ ತಂದು ನಿಲ್ಲಿಸುತ್ತಿದ್ದರು. ಅದಕ್ಕೆಂದೇ ತಳ ಚಪ್ಪಟೆಯಾದ, ಅಗಲವಾದ ‘ಬೋಮ್‌ಸ್ಖೌಟ್’ ಎಂಬ ದೋಣಿ ಕಟ್ಟುತ್ತಿದ್ದರು. ಭರತದಲ್ಲಿ ಬಂದು ಮರಳಿಗೆ ತಾಗುವುದು, ಇಳಿತದಲ್ಲಿ ಅಲ್ಲೇ ಕೂರುವುದು, ಮೀನು ಇಳಿಸುವುದು. ಚಳಿಗಾಲದಲ್ಲಿ ದೋಣಿಗಳನ್ನು ಮರಳಿನ ಮೇಲಕ್ಕೆ ಎಳೆದಿಡುತ್ತಿದ್ದರು. 1894ರ ಡಿಸೆಂಬರ್‌ನಲ್ಲಿ ಒಂದು ಬಿರುಗಾಳಿ ಬಂತು. ಹಾಗೆ ಎಳೆದಿಟ್ಟ ದೋಣಿಗಳನ್ನು ಒಂದಕ್ಕೊಂದು ಅಪ್ಪಳಿಸಿ ಚೂರು ಮಾಡಿತು. ಬಂದರು ಬೇಕು ಅಂತ ಹಳ್ಳಿಯವರು ಎಷ್ಟೋ ಕಾಲದಿಂದ ಕೇಳುತ್ತಿದ್ದರು. ಆ ನಷ್ಟ ನೋಡಿದ ಮೇಲೆ ಕೆಲಸ ಶುರುವಾಯಿತು.

ಹೋಗುವ ದಾರಿಯಲ್ಲಿ ಕೆಂಪು ದೀಪಸ್ತಂಭ ಸಿಗುತ್ತದೆ, 1875ರದ್ದು, ಬೀಡುಕಬ್ಬಿಣದ ಕಟ್ಟಡ. ಬಂದರಿನ ಬಾಯಲ್ಲಿ ಎರಡು ಕಟ್ಟೆಗಳು ನೀರಿನೊಳಕ್ಕೆ ಚಾಚಿವೆ. ಅಲೆ ಜೋರಿಲ್ಲದ ದಿನ ತುದಿಯ ತನಕ ನಡೆದು ಹೋಗಬಹುದು. ದೊಡ್ಡ ಹಡಗು ಒಳಗೆ ಬರುವ ಹೊತ್ತಿಗೆ ಅಲ್ಲಿದ್ದರೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಾದುಹೋದ ಹಾಗೆ ಕಾಣುತ್ತದೆ. ಮಳೆ ಬಂದಿದ್ದರೆ, ಅಲೆ ಹಾರುತ್ತಿದ್ದರೆ ಹೋಗಬೇಡಿ, ಕಲ್ಲು ಜಾರುತ್ತದೆ.

ಕುರ್‌ಹೌಸ್ ಒಳಗೆ ಹೋಗಬಹುದಾ? ಹೋಟೆಲ್ ಅಂತೆ.

ಹೋಟೆಲೇ. ಆದರೆ ಕಾಫಿ ಕುಡಿಯಲು ಯಾರು ಬೇಕಾದರೂ ಒಳಗೆ ಹೋಗಬಹುದು. ನಡುವಿನ ದೊಡ್ಡ ಹಾಲ್‌ನಲ್ಲಿ ಕೂತು ಮೇಲಿನ ಚಿತ್ರ ತುಂಬಿದ ಚಾವಣಿ ನೋಡಿ.

1818ರಲ್ಲಿ ಯಾಕೊಬ್ ಪ್ರೊಂಕ್ ಎಂಬ ಊರಿನವರು ದಿಬ್ಬದ ಮೇಲೆ ನಾಲ್ಕು ಕೋಣೆಯ ಮರದ ಸ್ನಾನದ ಮನೆ ಕಟ್ಟಿದರು. ಕಡಲ ನೀರಿನ ಸ್ನಾನ ಆರೋಗ್ಯಕ್ಕೆ ಒಳ್ಳೆಯದು ಅಂತ ಯುರೋಪಿನ ಸಿರಿವಂತರು ನಂಬಿದ್ದ ಕಾಲ. ಅಲ್ಲಿಂದ ಬೆಳೆಯುತ್ತಾ 1885ರಲ್ಲಿ ಕುರ್‌ಹೌಸ್ ಆಯಿತು. ಮರುವರ್ಷವೇ ಬೆಂಕಿಗೆ ಆಹುತಿಯಾಗಿ 1887ರಲ್ಲಿ ಮತ್ತೆ ಎದ್ದಿತು. 1964ರ ಆಗಸ್ಟ್ 8ರಂದು ಇಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಲು ಬಂದಾಗ ಜನ ಹುಚ್ಚೆದ್ದು ಕುರ್ಚಿ ಮುರಿದು, ಕೆಲವೇ ನಿಮಿಷದಲ್ಲಿ ಕಾರ್ಯಕ್ರಮ ನಿಲ್ಲಿಸಬೇಕಾಯಿತು.

ಪಿಯರ್ ಟಿಕೆಟ್ ಎಷ್ಟು?

ನಡೆಯಲು ಇಲ್ಲ. ತುದಿಯಲ್ಲಿರುವ ಜೈಂಟ್ ವೀಲ್‌ಗೆ ಇದೆ. ಈಗಿನ ಪಿಯರ್ 1961ರದ್ದು. 1901ರಲ್ಲಿ ಕಟ್ಟಿದ ಮೊದಲನೆಯದು 1943ರಲ್ಲಿ ಸುಟ್ಟುಹೋಗಿ, ಉಳಿದದ್ದನ್ನು ಜರ್ಮನ್ ಸೈನ್ಯ ಕೆಡವಿತು. ಕೆಳಗಿನ ಅಂತಸ್ತು ಗಾಜು ಮುಚ್ಚಿದ್ದು, ತಿಂಡಿ ಅಂಗಡಿಗಳೇ ಜಾಸ್ತಿ. ಮೇಲಿನ ಬಯಲು ಅಂತಸ್ತಿನಲ್ಲಿ ನಡೆಯಿರಿ. ತುದಿಗೆ ಹೋಗಿ ಹಿಂದಕ್ಕೆ ತಿರುಗಿದರೆ ಬೆಳಿಗ್ಗೆಯಿಂದ ನಡೆದ ದಾರಿಯಲ್ಲಿ ದೀಪಸ್ತಂಭದಿಂದ ಕುರ್‌ಹೌಸ್‌ವರೆಗೂ ಕಾಣುತ್ತದೆ.

## ಊಟ, ನೀರು, ಮಕ್ಕಳು

ನಾವು ವೆಜ್. ಅಲ್ಲಿ ತಿನ್ನೋಕೆ ಏನಾದ್ರೂ ಸಿಗುತ್ತಾ?

ಸಿಗುತ್ತದೆ, ಕೇಳಿ ತಿನ್ನಬೇಕು. ಆಲೂಗಡ್ಡೆ ಫ್ರೈಸ್ ಎಲ್ಲ ಕಡೆ ಇದೆ. ಆದರೆ ಹಳೆಯ ರೀತಿಯಲ್ಲಿ ಅದನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಸಸ್ಯದ ಎಣ್ಣೆಯೋ ಅಲ್ಲವೋ ಅಂತ ಕೇಳಿದರೆ ಸರಿಯಾಗಿ ಹೇಳುತ್ತಾರೆ. ಚೀಸ್ ತುಂಬಿ ಕರಿದ ಕಾಸ್‌ಸೂಫ್ಲೆಯನ್ನು ಎಷ್ಟೋ ಕಡೆ ಮಾಂಸ, ಮೀನು ಕರಿದ ಎಣ್ಣೆಯಲ್ಲೇ ಹಾಕುತ್ತಾರೆ. ಮೊಟ್ಟೆ ತಿನ್ನುವವರಿಗೆ ಪೊಫರ್ಚೆಸ್ ಇದೆ, ಬೆಣ್ಣೆ ಮತ್ತು ಸಕ್ಕರೆ ಪುಡಿ ಹಾಕಿ ಬಿಸಿಬಿಸಿ ಕೊಡುವ ಪುಟಾಣಿ ಪ್ಯಾನ್‌ಕೇಕ್. ಮಕ್ಕಳಿಗೆ ಇಷ್ಟ.

ಖಾರ ಬೇಕು ಅನ್ನಿಸಿದರೆ ಸಂಜೆ ನಗರಕ್ಕೆ ವಾಪಸ್ ಬಂದು ಸುರಿನಾಮ್ ಹಿಂದೂಸ್ತಾನಿಗಳ ರೊಟ್ಟಿ ಅಂಗಡಿಗೆ ಹೋಗಿ. 1873ರಿಂದ ಉತ್ತರ ಪ್ರದೇಶ, ಬಿಹಾರದ ಕಡೆಯಿಂದ ಕಬ್ಬಿನ ತೋಟದ ಕೂಲಿಗಳಾಗಿ ಸುರಿನಾಮ್‌ಗೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಇವರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಆಸುಪಾಸಿನಲ್ಲಿ ಬಹಳಷ್ಟು ಮಂದಿ ಹೇಗ್‌ಗೆ ಬಂದು ನೆಲೆಸಿದರು. ಅವರ ‘ಬಾರಾ’ ತಿನ್ನಿ. ಉದ್ದಿನ ಹಿಟ್ಟಿನದು, ನಮ್ಮ ವಡೆಯ ದೂರದ ನೆಂಟ.

ಹಸಿ ಹೆರಿಂಗ್ ಮೀನು ತಿಂದ್ರೆ ಹೊಟ್ಟೆ ಕೆಡಲ್ವಾ?

ಅದು ಪೂರ್ತಿ ಹಸಿಯಲ್ಲ. ಉಪ್ಪಿನಲ್ಲಿ ಹದವಾದದ್ದು. ಮೀನಿನ ಕರುಳು ತೆಗೆಯುವಾಗ ಮೇದೋಜೀರಕ ಗ್ರಂಥಿಯನ್ನು ಮಾತ್ರ ಒಳಗೇ ಬಿಡುತ್ತಾರೆ. ಅದರ ಕಿಣ್ವಗಳು ಉಪ್ಪಿನ ಜೊತೆ ಸೇರಿ ಮಾಂಸವನ್ನು ಮೆತ್ತಗೆ ಮಾಡುತ್ತವೆ. ಹುಳುವಿನ ಭಯ ಇರದಂತೆ ಮೊದಲೇ ಗಟ್ಟಿಯಾಗಿ ಫ್ರೀಜ್ ಮಾಡಿರುತ್ತಾರೆ, ಇದು ಕಾನೂನು. ಮೇ-ಜೂನ್‌ನಲ್ಲಿ ಹಿಡಿದ ಕೊಬ್ಬಿದ ಮೀನೇ ಒಳ್ಳೆಯದು. ಜೂನ್‌ನಲ್ಲಿ ಹೊಸ ಹೆರಿಂಗ್ ಬಂದಾಗ ಬಂದರಿನಲ್ಲಿ ‘ಫ್ಲಾಖೆಚೆಸ್‌ಡಾಖ್’ ಎಂಬ ಹಬ್ಬ ನಡೆಯುತ್ತದೆ. ದೋಣಿಗಳಿಗೆಲ್ಲ ಬಾವುಟ, ಊರಿನ ಹೆಂಗಸರು ಹಳೆಯ ಉಡುಪಿನಲ್ಲಿ.

ಗಾಡಿಯವರು ಕತ್ತರಿಸುವುದನ್ನು ನೋಡುತ್ತಾ ನಿಲ್ಲಿ. ಸಣ್ಣ ಚಾಕುವಿನಲ್ಲಿ ಹೊಟ್ಟೆ ಸೀಳಿ, ಚರ್ಮವನ್ನು ಒಂದೇ ಎಳೆತಕ್ಕೆ ಸುಲಿದು, ನಡುಮುಳ್ಳು ಎತ್ತಿ, ಬಾಲ ಮಾತ್ರ ಉಳಿಸಿ ಕೊಡುತ್ತಾರೆ. ಎಲ್ಲ ಅರೆ ನಿಮಿಷದ ಕೆಲಸ. ಹೆಚ್ಚಿದ ಈರುಳ್ಳಿಯಲ್ಲಿ ಹೊರಳಿಸಿ, ಬಾಲ ಹಿಡಿದು ತಲೆ ಎತ್ತಿ ತಿನ್ನುವುದು ಇಲ್ಲಿನ ಕ್ರಮ. ಮಂಗಳೂರು, ಕಾರವಾರದ ಕಡೆಯವರಿಗೆ ರುಚಿ ಬೇಗ ಹಿಡಿಸುತ್ತದೆ. ಹೆರಿಂಗ್ ಮತ್ತು ನಮ್ಮ ಬೂತಾಯಿ ಒಂದೇ ಕುಟುಂಬದ ಮೀನುಗಳು. ಹಸಿ ಬೇಡ ಅನ್ನುವವರು ಕಿಬ್ಬಲಿಂಗ್ ತಗೊಳ್ಳಿ, ಹಿಟ್ಟಿನಲ್ಲಿ ಅದ್ದಿ ಕರಿದ ಮೀನಿನ ತುಂಡು.

ತಿನ್ನುವಾಗ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಕಡಲ ಹಕ್ಕಿಗಳು ಹಿಂದಿನಿಂದ ಬಂದು ಕೈಯಿಂದಲೇ ಕಸಿದುಕೊಳ್ಳುತ್ತವೆ.

ಮಕ್ಕಳನ್ನ ನೀರಿಗೆ ಬಿಡಬಹುದಾ?

ಬೇಸಿಗೆಯಲ್ಲಿ, ಕಾವಲುಗಾರರು ಇರುವ ಕಡೆ, ನಿಮ್ಮ ಕಣ್ಣೆದುರಿಗೆ ಮಾತ್ರ. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಬಾವುಟ ಕಂಡರೆ ಕಾವಲು ಇದೆ ಅಂತ ಅರ್ಥ. ಬರೀ ಹಳದಿ ಅಂದರೆ ಅಪಾಯ. ಬರೀ ಕೆಂಪು ಅಂದರೆ ನೀರಿಗೆ ಇಳಿಯಲೇಬಾರದು. ಗಾಳಿ ಒಳನಾಡಿನಿಂದ ಕಡಲ ಕಡೆಗೆ ಬೀಸುವಾಗ ಗಾಳಿ ತುಂಬಿದ ಟ್ಯೂಬು, ಹಾಸಿಗೆ ತೆಗೆದುಕೊಂಡು ನೀರಿಗೆ ಹೋಗಬೇಡಿ, ಕ್ಷಣದಲ್ಲಿ ಒಳಕ್ಕೆ ಎಳೆದೊಯ್ಯುತ್ತದೆ.

ಇಲ್ಲಿನ ದೊಡ್ಡ ಅಪಾಯ ಅಲೆಯಲ್ಲ, ಸೆಳೆತ. ನೀರಿನ ಕೆಳಗಿನ ಮರಳ ದಿಬ್ಬಗಳ ನಡುವೆ ಸಂದುಗಳಿರುತ್ತವೆ. ತೀರಕ್ಕೆ ಬಂದ ನೀರು ಆ ಸಂದಿನಲ್ಲಿ ವಾಪಸ್ ಹರಿಯುತ್ತದೆ. ಅಲ್ಲಿ ಸಿಕ್ಕಿಕೊಂಡರೆ ಸೆಳೆತಕ್ಕೆ ಎದುರಾಗಿ ಈಜಿ ದಣಿಯಬಾರದು. ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಆಮೇಲೆ ದಡದ ಕಡೆ ಬರಬೇಕು. ನೀರು ಆಗಸ್ಟ್‌ನಲ್ಲೂ 20 ಡಿಗ್ರಿ ಆಸುಪಾಸು ಅಷ್ಟೇ. ನಮ್ಮ ಮಕ್ಕಳಿಗೆ ಕಾಲು ನೆನೆಸುವಷ್ಟೇ ಸಾಕಾಗುತ್ತದೆ.

ಟಾಯ್ಲೆಟ್, ಕುಡಿಯೋ ನೀರು?

ಟಾಯ್ಲೆಟ್‌ಗೆ ಹೆಚ್ಚಿನ ಕಡೆ ಸ್ವಲ್ಪ ದುಡ್ಡು ಕೊಡಬೇಕು, ಕಾರ್ಡೂ ಚಿಲ್ಲರೆಯೂ ಇರಲಿ. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು, ಬಾಟಲಿ ತಂದರೆ ಸಾಕು. ಹೇಗ್‌ನಲ್ಲಿ 1874ರಿಂದ ಇದೇ ಮರಳು ದಿಬ್ಬಗಳಲ್ಲಿ ಸೋಸಿದ ನೀರನ್ನು ಮನೆಗಳಿಗೆ ಕೊಡುತ್ತಿದ್ದಾರೆ.

ಮನೆಗಳ ಕಿಟಕಿಗೆ ಪರದೆನೇ ಇಲ್ಲ. ಫೋಟೋ ತೆಗೀಬಹುದಾ?

ನಡೆಯುತ್ತಾ ಕಣ್ಣು ಹಾಯಿಸಿದರೆ ತಪ್ಪಿಲ್ಲ. ನಿಂತು ಇಣುಕಬಾರದು, ಒಳಗಿನ ಫೋಟೋ ತೆಗೆಯಬಾರದು. ಅಂಗಳದ ಮನೆಗಳಿಗೆ ಹೋದಾಗ ದನಿ ತಗ್ಗಿಸಿ. ಯಾರಾದರೂ ಎದುರು ಬಂದರೆ ಒಂದು ‘ಹಾಲೋ’ ಹೇಳಿ. ಅಷ್ಟು ಹೇಳಿದರೆ ಎಷ್ಟೋ ಸಲ ಅವರೇ ನಿಂತು ಮಾತಾಡಿಸುತ್ತಾರೆ.

## ಇನ್ನೂ ಸ್ವಲ್ಪ ಆಳಕ್ಕೆ

ನೆದರ್‌ಲ್ಯಾಂಡ್ಸ್ ಅಂದ್ರೆ ಡೈಕ್, ಕಡಲು ತಡೆಯೋ ಒಡ್ಡು ಅಂತಾರೆ. ಇಲ್ಲಿ ಎಲ್ಲೂ ಕಾಣಲಿಲ್ಲ?

ಅದರ ಮೇಲೇ ನಡೆದು ಬಂದಿದ್ದೀರಿ. ಕೈಜರ್‌ಸ್ಟ್ರಾಟ್‌ನ ಕೊನೆಗೆ ಹತ್ತಿದ ಏರು ನೆನಪಿದೆಯಾ? ಈ ಭಾಗದಲ್ಲಿ ತೀರ ಸಾಕಷ್ಟು ಗಟ್ಟಿಯಿಲ್ಲ ಅಂತ ಗೊತ್ತಾದ ಮೇಲೆ ಸುಮಾರು 1 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿದರು. ಊರಿಗೂ ಕಡಲಿಗೂ ನಡುವೆ ಗೋಡೆ ಎದ್ದ ಹಾಗೆ ಕಾಣಬಾರದಲ್ಲ. ಅದಕ್ಕೆ ಬಾರ್ಸಿಲೋನಾದ ವಾಸ್ತುಶಿಲ್ಪಿ ಮಾನುವೆಲ್ ದೆ ಸೊಲಾ-ಮೊರಾಲೆಸ್ ಒಡ್ಡನ್ನೇ ಹೊಸ ದಂಡೆ ರಸ್ತೆಯೊಳಗೆ ಹುದುಗಿಸಿದರು. ನಡೆಯುವವರಿಗೆ, ಸೈಕಲ್‌ಗೆ, ಕಾರಿಗೆ ಬೇರೆ ಬೇರೆ ಎತ್ತರದ ಹಂತಗಳು, ನಡುವೆ ಬಳುಕುವ ಇಳಿಜಾರು. ನೋಡಿದರೆ ಬರೀ ವಿಹಾರದ ಜಾಗ. 1570ರಲ್ಲಿ ಅರ್ಧ ಊರು ಕಳೆದುಕೊಂಡ ಜಾಗದಲ್ಲೇ ಇದು ಇದೆ.

ಒಡ್ಡಿನ ಜೊತೆಗೆ ಮರಳೂ ಕಾವಲು. ಹೇಗ್‌ನ ದಕ್ಷಿಣಕ್ಕೆ 2011ರಲ್ಲಿ 2.15 ಕೋಟಿ ಘನ ಮೀಟರ್ ಮರಳನ್ನು ಒಂದೇ ಕಡೆ ಸುರಿದರು. ಅಲೆ, ಗಾಳಿ ಅದನ್ನು ವರ್ಷಗಟ್ಟಲೆ ನಿಧಾನಕ್ಕೆ ತೀರದುದ್ದಕ್ಕೂ ಹರಡಲಿ ಎಂದು. ‘ಜಾಂಡ್‌ಮೋಟರ್’ ಅಂತ ಅದರ ಹೆಸರು.

ಯುದ್ಧದ ಕಾಲದ ಕುರುಹು ಏನಾದ್ರೂ ಉಳಿದಿದೆಯಾ?

ತುಂಬಾ ಇದೆ. ಜರ್ಮನ್ನರು ಈ ತೀರವನ್ನು ಕೋಟೆ ಮಾಡಿಕೊಂಡಾಗ ಹೇಗ್‌ನ ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿದರು. ಮನೆಗಳನ್ನು ಕೆಡವಿ ಟ್ಯಾಂಕ್ ತಡೆಯುವ ಕಂದಕ ತೋಡಿದರು. ಮರಳು ದಿಬ್ಬಗಳಲ್ಲಿ ಕಾಂಕ್ರೀಟ್ ಬಂಕರ್‌ಗಳು ಈಗಲೂ ಇವೆ.

ಸ್ಖೇವೆನಿಂಗೆನ್ ಜೈಲಿನಲ್ಲಿ 1940ರಿಂದ 1945ರವರೆಗೆ 25,000ಕ್ಕೂ ಹೆಚ್ಚು ಮಂದಿಯನ್ನು ಕೂಡಿಹಾಕಿದ್ದರು. ಜನ ಅದನ್ನು ‘ಒರಾನ್ಯೆ ಹೋಟೆಲ್’ ಅಂತ ಕರೆಯುತ್ತಿದ್ದರು. ಮರಣದಂಡನೆಯಾದವರ ಕೊನೆಯ ರಾತ್ರಿಯ 601ನೇ ಕೋಣೆಯನ್ನು ಹಾಗೇ ಉಳಿಸಿದ್ದಾರೆ. 2019ರಿಂದ ಅದು ಸ್ಮಾರಕ ಮ್ಯೂಸಿಯಂ, ಒಳಗೆ ಹೋಗಲು ಟಿಕೆಟ್ ಇದೆ. ಇನ್ನೂ ಆಚೆ ದಿಬ್ಬಗಳ ನಡುವಿನ ವಾಲ್ಸ್‌ಡಾರ್ಪರ್‌ಫ್ಲಾಕ್ಟೆ ಎಂಬ ಬಯಲಲ್ಲಿ 250ಕ್ಕೂ ಹೆಚ್ಚು ಜನರನ್ನು ಗುಂಡಿಟ್ಟು ಕೊಂದರು. ಪ್ರತಿ ಮೇ 4ರ ಸಂಜೆ ಅಲ್ಲಿನ ದೊಡ್ಡ ಗಂಟೆ ಬಾರಿಸುತ್ತಾರೆ, ಸಾವಿರಾರು ಜನ ಮಾತಿಲ್ಲದೆ ಸಾಲಿನಲ್ಲಿ ಹಾದುಹೋಗುತ್ತಾರೆ. ಮಕ್ಕಳ ಜೊತೆಗಿನ ರಜೆ ದಿನಕ್ಕೆ ಇದನ್ನು ಸೇರಿಸಬೇಡಿ. ಬೇರೆ ದಿನ ಇದಕ್ಕೇ ಅಂತ ಹೋಗಿ.

ಒಂದೇ ಒಂದು ಟಿಕೆಟ್ ಕೊಳ್ಳೋದಾದ್ರೆ ಯಾವುದಕ್ಕೆ?

ಹಿಂದೆಮುಂದೆ ನೋಡದೆ ಹೇಳುತ್ತೇನೆ, ಪನೋರಮಾ ಮೆಸ್ದಾಖ್. ಅದು ಇರುವುದು ಕಡಲ ಹತ್ತಿರ ಅಲ್ಲ, ನಗರದ ಜೇಸ್ಟ್ರಾಟ್ ರಸ್ತೆಯಲ್ಲಿ. ಶಾಂತಿ ಅರಮನೆಯಿಂದ ಸ್ವಲ್ಪವೇ ದೂರ. ನಡಿಗೆಗೆ ಮೊದಲು ನೋಡಿದರೆ ಒಳ್ಳೆಯದು.

1881ರಲ್ಲಿ ಹೆಂಡ್ರಿಕ್ ವಿಲೆಂ ಮೆಸ್ದಾಖ್ ಎಂಬ ಕಲಾವಿದರು ಸ್ಖೇವೆನಿಂಗೆನ್‌ನ ಸೈನ್‌ಪೋಸ್ಟ್ ದಿಬ್ಬದ ಮೇಲೆ ನಿಂತರೆ ನಾಲ್ಕೂ ದಿಕ್ಕಿಗೆ ಏನು ಕಾಣುತ್ತದೋ ಅದನ್ನು ಒಂದು ದುಂಡನೆಯ ಚಿತ್ರವಾಗಿ ಮಾಡಿದರು. 14 ಮೀಟರ್ ಎತ್ತರ, ಸುತ್ತಳತೆ ಸುಮಾರು 120 ಮೀಟರ್. ಗಾಜಿನ ಉರುಳೆಯೊಳಗೆ ನಿಂತು, ಹೊರಗೆ ಕಂಡದ್ದನ್ನು ಗಾಜಿನ ಮೇಲೇ ಗೀಚಿಕೊಂಡು, ಆಮೇಲೆ ಅದನ್ನು ಬಟ್ಟೆಗೆ ದೊಡ್ಡದು ಮಾಡಿದರು. ಹೆಂಡತಿ ಸಿಂಚೆ, ಯುವ ಕಲಾವಿದ ಬ್ರೈಟ್ನರ್, ಇನ್ನೂ ಕೆಲವರು ಜೊತೆಗೂಡಿ ಕೆಲವೇ ತಿಂಗಳಲ್ಲಿ ಮುಗಿಸಿದರು.

ಕತ್ತಲೆ ದಾರಿಯಲ್ಲಿ ನಡೆದು ಮೆಟ್ಟಿಲು ಹತ್ತಿದರೆ ಥಟ್ಟನೆ ಬೆಳಕು, ಸುತ್ತ ಕಡಲು. ಬೆಳಕು ಬರುವುದು ಮೇಲಿನ ಗಾಜಿನಿಂದ, ಹೊರಗೆ ಮೋಡ ಬಂದರೆ ಚಿತ್ರದ ಕಡಲೂ ಮಂಕಾಗುತ್ತದೆ. ನಿಮ್ಮ ಕಾಲ ಬಳಿಯಿಂದ ಚಿತ್ರದ ತನಕ ನಿಜವಾದ ಮರಳು ಹಾಸಿ, ಅಲ್ಲಲ್ಲಿ ನಿಜವಾದ ಬಲೆ, ಹಳೆ ಸಾಮಾನು ಇಟ್ಟಿದ್ದಾರೆ. ಮರಳು ಎಲ್ಲಿ ಮುಗಿದು ಬಣ್ಣ ಎಲ್ಲಿ ಶುರು ಅಂತ ಹುಡುಕಿದರೂ ಸಿಗುವುದಿಲ್ಲ. ತೀರದ ಮೇಲೆ ಚಪ್ಪಟೆ ತಳದ ದೋಣಿಗಳು ಸಾಲಾಗಿ ನಿಂತಿವೆ, ಕುದುರೆ ಸವಾರರು ಹೋಗುತ್ತಿದ್ದಾರೆ, ಬಿಳಿ ಕೊಡೆಯ ಕೆಳಗೆ ಸಿಂಚೆ ಕೂತು ಚಿತ್ರ ಬರೆಯುತ್ತಿದ್ದಾರೆ. ಬಂದರಿಲ್ಲ, ಕುರ್‌ಹೌಸ್ ಇಲ್ಲ, ಪಿಯರ್ ಇಲ್ಲ. ಚರ್ಚ್ ಮತ್ತು ದೀಪಸ್ತಂಭ ಇವೆ. ಇವೆರಡನ್ನು ಗುರುತು ಮಾಡಿಕೊಂಡು ಹೋಗಿ, ಇವತ್ತಿನ ಊರಿನಲ್ಲಿ ಎಲ್ಲ ಅಳತೆಗೂ ಇವೇ ಸಾಕು.

ಮರುವರ್ಷ, 1882ರಲ್ಲಿ, ಹೇಗ್‌ನಲ್ಲಿದ್ದ ವಿನ್ಸೆಂಟ್ ವ್ಯಾನ್ ಗೋ ಬಿರುಗಾಳಿಯ ಹೊತ್ತಿನಲ್ಲಿ ಇದೇ ತೀರದಲ್ಲಿ ಕೂತು ಕಡಲಿನ ಚಿತ್ರ ಬರೆದರು. ಗಾಳಿಗೆ ಹಾರಿ ಬಂದ ಮರಳಿನ ಕಣಗಳು ಹಸಿ ಬಣ್ಣಕ್ಕೆ ಅಂಟಿ ಅಲ್ಲೇ ಉಳಿದಿವೆ. 2002ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮ್ಯೂಸಿಯಂನಿಂದ ಕಳುವಾಗಿ 2016ರಲ್ಲಿ ಇಟಲಿಯಲ್ಲಿ ಸಿಕ್ಕ ಚಿತ್ರ ಅದು. ಈಗ ಮತ್ತೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ.

ಇದೆಲ್ಲ ನೋಡಿದ್ದೀವಿ. ಎರಡನೇ ಸಲ ಹೋದ್ರೆ ಎಲ್ಲಿಗೆ?

ಬಂದರಿನ ಆಚೆ ದಡಕ್ಕೆ. ಬಂದರಿನ ಬಾಯಿಗೆ ಸೇತುವೆ ಇಲ್ಲದ ಕಾರಣ ನಡೆದು ಹೋಗುವವರು ಒಳಗಿನಿಂದ ಸುತ್ತಿ ಬರಬೇಕು. ಅದಕ್ಕೇ ಅಲ್ಲಿ ಜನ ಕಡಿಮೆ. ನೇರವಾಗಿ ಹೋಗಲು ಹಾಲೆಂಡ್ಸ್ ಸ್ಪೋರ್ ಸ್ಟೇಷನ್‌ನಿಂದ 12ನೇ ನಂಬರ್ ಟ್ರಾಮ್ ಹಿಡಿದು ಕೊನೆಯ ನಿಲ್ದಾಣದಲ್ಲಿ ಇಳಿಯಿರಿ. ಅದು ಡೌನ್‌ಡಾರ್ಪ್, ಕಳೆದ ಶತಮಾನದ ಮೊದಲ ದಶಕಗಳಲ್ಲಿ ಮೀನುಗಾರರ ಕುಟುಂಬಗಳಿಗೆಂದೇ ಕಟ್ಟಿದ ಇಟ್ಟಿಗೆ ಮನೆಗಳ ಬಡಾವಣೆ.

ಅದರ ಹಿಂದೆ ವೆಸ್ಟ್‌ಡೌನ್‌ಪಾರ್ಕ್, ಮರಳು ದಿಬ್ಬಗಳ ರಕ್ಷಿತ ಪ್ರದೇಶ. ಹುಲ್ಲು ಮೇಯಲು ಉದ್ದ ಕೂದಲಿನ ಸ್ಕಾಟಿಷ್ ದನಗಳನ್ನು ಬಿಟ್ಟಿದ್ದಾರೆ. ಸಾಧುವಾಗಿ ಕಂಡರೂ 25 ಮೀಟರ್ ದೂರ ಇರಬೇಕು. ಕರು ಜೊತೆಗಿದ್ದರೆ ಇನ್ನೂ ದೂರ. ಗುರುತು ಹಾಕಿದ ಕಾಲುದಾರಿ ಬಿಟ್ಟು ದಿಬ್ಬ ಹತ್ತಬೇಡಿ, ಮರಳನ್ನು ಹಿಡಿದಿಟ್ಟಿರುವುದು ಆ ಹುಲ್ಲಿನ ಬೇರು. ದಿಬ್ಬ ದಾಟಿದರೆ ದಕ್ಷಿಣದ ತೀರ. ಅಲ್ಲಿಂದ ತೀರದಲ್ಲೇ ಎಡಕ್ಕೆ ನಡೆಯುತ್ತಾ ಹೋದರೆ ಕೈಕ್‌ಡೌನ್ ಸಿಗುತ್ತದೆ. ನಗರಕ್ಕೆ ವಾಪಸ್ ಬರಲು ಅಲ್ಲಿ ಬಸ್ ಇದೆ.